ಬೇಸಿನ್ ತುಂಬ ಕಾಯಿ

ತೆಂಗಿನ ಮರದಿಂದ ಬಿದ್ದ ಮೇಲೆ ದಾಸಣ್ಣನ ಬಲಗೈಗೆ ಹಿಡಿತವೇ ಇರಲಿಲ್ಲ. ಇದ್ದೊಂದು ಕೈಯಲ್ಲಿ ಚೊಂಬು ಹಿಡಿದರೆ ಮುಖ ಉಜ್ಜುವುದು ಯಾವುದರಲ್ಲಿ? ಸೊಸೆ ನೀರು ಹುಯ್ಯಲು ಬಂದರೆ ಟವಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದುಬಿಡುತ್ತಿದ್ದ. ಹೆಂಡತಿ ಜಯಕ್ಕ ಕೊಟ್ಟಿಗೆ ಕೆಲಸ ಮುಗಿಸಿ ಬರುವ ತನಕ ಮುಖಕ್ಕೆ ನೀರಿಲ್ಲ, ಬಾಯಿಗೆ ಕಾಫಿಯಿಲ್ಲ. ನೋಡಿ ನೋಡಿ ಸಾಕಾಗಿ ಅವಳು ತಿಪಟೂರಿಗೆ ಹೋಗಿ, ಕಲ್ಲಿನ ತೂತಿಗೆ ಇಳಿಬಿಟ್ಟು ಕೂರಿಸುವ ಬಿಳಿ ಬೇಸಿನ್ನೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಗಾರೆ ಕೆಲಸದ ಈರೇಶ್ ಬಚ್ಚಲುಮನೆಯಲ್ಲಿ ಎರಡು ಮೋಟುಗೋಡೆ ಕಟ್ಟಿ, ಕಡಪಾ ಕಲ್ಲಿನ ಮೇಲೆ ಬೇಸಿನ್ ಬೋರಲು ಹಾಕಿ, ಅಂಚಿನ ಸುತ್ತ ಗೆರೆ ಎಳೆದ. ಎರಡು ಬೆರಳಷ್ಟು ಒಳಗೆ ಕೊಯ್ಯಬೇಕಿತ್ತು. ಅವನು ಗೆರೆಯ ಮೇಲೇ ಮಿಷನ್ ಓಡಿಸಿದ. ಇಟ್ಟ ಬೇಸಿನ್ ಸೀದಾ ತೂತಿನೊಳಕ್ಕೆ ಇಳಿಯಿತು. ಕೆಳಗೆ ಪೈಪು ನೋಡುತ್ತಿದ್ದ ಜಯಕ್ಕ ಕೈ ಒಡ್ಡದಿದ್ದರೆ ಚೂರಾಗುತ್ತಿತ್ತು.

ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಈರೇಶ್ ತಲೆ ಕೆರೆದುಕೊಂಡು, ಕಿಬ್ಬನಹಳ್ಳಿ ಕೆಲಸ ಮುಗಿಸಿ ಮುಂದಿನ ವಾರ ಬೇರೆ ಕಲ್ಲು ತರುತ್ತೇನೆ ಎಂದ. ದಾಸಣ್ಣ ಅದನ್ನೇ ಕಾಯುತ್ತಿದ್ದವನಂತೆ, ಇದೆಲ್ಲ ನಮಗೆ ಆಗಿಬರುವುದಲ್ಲ, ಅಂಗಡಿಗೆ ವಾಪಸ್ ಕೊಟ್ಟು ಬಾ ಎಂದ.

"ಇವತ್ತೇ ಕೂರ್ಬೇಕು ಕಣಪ್ಪ," ಎಂದು ಈರೇಶನಿಗೆ ಹೇಳಿ ಜಯಕ್ಕ ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಇಟ್ಟಿಗೆಯ ಮೇಲೆ ಕಡಪಾ ಕಲ್ಲಿಟ್ಟು ಪಾತ್ರೆ ಜೋಡಿಸಿದ್ದಳು. ಕೊಳಗ, ಡಬ್ಬಿ, ತಟ್ಟೆ ಎಲ್ಲವೂ ದಡಬಡ ನೆಲಕ್ಕಿಳಿದವು. "ಇದ್ನ ಕುಯ್ಯಿ. ಈ ಸಲ ಗೆರೆ ನಾನೇ ಎಳೀತೀನಿ."

"ಪಾತ್ರೆ ಎಲ್ಲಿಡ್ತೀಯಕ್ಕ?"

"ನಿನ್ ತಲೆ ಮ್ಯಾಲೆ."

ಅವಳು ಎಳೆದ ಗೆರೆಯ ಮೇಲೆ ಈರೇಶ್ ಕೊಯ್ದು, ಕಲ್ಲನ್ನು ಬಚ್ಚಲಿನ ಮೋಟುಗೋಡೆಯ ಮೇಲಿಟ್ಟ. ತೂತಿನ ಸುತ್ತ ಸಿಲಿಕಾನ್ ಅಂಟು ಹಚ್ಚಿ ಬೇಸಿನ್ ಇಳಿಸಿದ. ಅಂಚು ಕಲ್ಲಿನ ಮೇಲೆ ಗಟ್ಟಿಯಾಗಿ ಕೂತಿತು. ನಲ್ಲಿಯನ್ನು ಜಯಕ್ಕ ಎಡಗೈಗೆ ಸಿಗುವಂತೆ ಹಾಕಿಸಿದಳು. ಅಂಟು ಒಣಗುವ ತನಕ ಮೇಲೆ ಭಾರ ಬೇಕು ಎಂದು ಈರೇಶ್ ಹೇಳಿದಾಗ, ಸುಲಿದ ಕಾಯಿ ತಂದು ಬೇಸಿನ್ ತುಂಬ ಜೋಡಿಸಿ, ಬೆಳಗಾಗುವವರೆಗೆ ಯಾರೂ ಮುಟ್ಟಕೂಡದೆಂದು ಗಂಡನನ್ನೇ ನೋಡಿ ಹೇಳಿದಳು.

ಬೆಳಿಗ್ಗೆ ಸಗಣಿ ಬಾಚುತ್ತಿದ್ದವಳಿಗೆ ಬಚ್ಚಲಿನಲ್ಲಿ ಕಾಯಿ ಉರುಳಿದ ಸದ್ದು ಕೇಳಿತು. ಹೋಗಿ ಬಾಗಿಲಲ್ಲಿ ನಿಂತಳು. ದಾಸಣ್ಣ ಎಡಗೈಯಲ್ಲಿ ಒಂದೊಂದೇ ಕಾಯಿ ತೆಗೆದು ಕೆಳಗಿಡುತ್ತಿದ್ದ. ತಾನೂ ತೆಗೆಯೋಣವೆಂದು ಮುಂದೆ ಹೋದ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಅವನು ನಲ್ಲಿ ತಿರುಗಿಸಿ, ಬಗ್ಗಿ, ಮುಖಕ್ಕೆ ನೀರು ಎರಚಿಕೊಂಡ. ಮತ್ತೂ ಎರಚಿಕೊಂಡ. ಕತ್ತು, ಕಿವಿಯ ಹಿಂದೆ ಎಲ್ಲ ಉಜ್ಜಿದ. ಕಲ್ಲಿನ ಕೆಳಗೆ ಒಂದು ತೊಟ್ಟೂ ಜಿನುಗಲಿಲ್ಲ.

ನೀರಿಳಿಯುವ ಮುಖದಲ್ಲೇ ತಿರುಗಿ ನೋಡಿದ.

"ಇಲ್ಲೊಂದು ಮೊಳೆ ಹೊಡಿಯೇ, ಟವಲ್ ನೇತಾಕಕ್ಕೆ. ಎಡಗಡೀಕೆ."

ಜಯಕ್ಕ ಸುತ್ತಿಗೆ ಹುಡುಕಲು ಹೋದಳು.