ದುರ್ಬೀನಮ್ಮ ಎಸೆದ ಕಾಳು

ದುರ್ಬೀನಮ್ಮನ ಕಣ್ಣಿನ ಮುಂದೆ ಹದ್ದು ಕೂಡ ಕನ್ನಡಕ ಹಾಕಿಕೊಳ್ಳಬೇಕಿತ್ತು. ಬೀದಿಯವರೆಲ್ಲ ಅಕ್ಕಿಯನ್ನು ಅವಳ ಮೊರಕ್ಕೇ ತಂದು ಸುರಿಯುತ್ತಿದ್ದರು. ಅವಳು ಒಮ್ಮೆ ಕೈಯಾಡಿಸಿದರೆ ಸಾಕು, ಕಲ್ಲುಗಳು ತಾವಾಗಿಯೇ ಎದ್ದು ಬಂದು ಶರಣಾಗುತ್ತಿದ್ದವು. ಅಂಥ ಕಣ್ಣಿಗೆ ಪಡಿತರ ಅಂಗಡಿಯ ಹೊಸ ಅಕ್ಕಿಯಲ್ಲಿ ಕೆಲವು ಬೇರೆ ಕಾಳುಗಳು ಬಿದ್ದವು. ಕೊಂಚ ಹಳದಿ, ಕೊಂಚ ಮಂಕು, ನೀರಿಗೆ ಹಾಕಿದರೆ ತೇಲುತ್ತಿದ್ದವು.

"ಪ್ಲಾಸ್ಟಿಕ್ಕು," ಎಂದು ತೀರ್ಪು ಕೊಟ್ಟಳು.

ಅಂದಿನಿಂದ ಒಂದೊಂದನ್ನೂ ಹೆಕ್ಕಿ ಚರಂಡಿಗೆ ಎಸೆದಳು. ಆ ಚರಂಡಿಯ ಹೆಗ್ಗಣಗಳು ಪೈಲ್ವಾನರಾದದ್ದು ಯಾಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಇತ್ತ ಅವಳ ಸೊಸೆ ಬಿಳಿಚಿಕೊಳ್ಳುತ್ತಿದ್ದಳು. ಬೀದಿಯ ಕೊನೆಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವವಳು. ಅವಳು ಬೆಸೆದ ಗೇಟಿಗೆ ಆನೆ ಗುದ್ದಿದರೆ ಆನೆಯೇ ಕ್ಷಮೆ ಕೇಳಿ ಹೋಗಬೇಕು. ಅಂಥವಳು ಒಂದು ಮಧ್ಯಾಹ್ನ ಕೆಲಸದ ನಡುವೆ ತಲೆ ಸುತ್ತಿ ಬಿದ್ದಳು. ರಕ್ತ ಕಡಿಮೆ ಎಂದರು ಆಸ್ಪತ್ರೆಯಲ್ಲಿ.

"ರಕ್ತ ಏರೋವರೆಗೂ ಬೆಂಕಿ ಹತ್ರ ಬರಬೇಡಮ್ಮ," ಎಂದ ವರ್ಕ್‌ಶಾಪಿನ ಯಜಮಾನ. "ಮುಂದಿನ ತಪಾಸಣೇಲೂ ಹೀಗೇ ಇದ್ರೆ ಬೇರೆಯವರನ್ನ ನೋಡ್ಕೋತೀನಿ."

ಮಾತ್ರೆ ಕೊಡಲು ಮನೆಗೆ ಬಂದ ನರ್ಸು ಮೊರದ ಮೂಲೆಯಲ್ಲಿ ಹೆಕ್ಕಿಟ್ಟಿದ್ದ ಹಳದಿ ಕಾಳಿನ ಗುಡ್ಡೆ ನೋಡಿ ಹಣೆ ಚಚ್ಚಿಕೊಂಡಳು.

"ಇದನ್ನೇ ತೆಗೀತಾ ಇದೀರಾ? ಅಕ್ಕಿ ಹಿಟ್ಟಿಗೆ ಕಬ್ಬಿಣದಂಶ, ವಿಟಮಿನ್ ಸೇರಿಸಿ ಮತ್ತೆ ಕಾಳು ಮಾಡಿರೋದಮ್ಮ ಇದು. ನೂರಕ್ಕೊಂದು ಬೆರೆಸಿರ್ತಾರೆ. ಮಾತ್ರೆ ಜೊತೆ ಇದೂ ಹೊಟ್ಟೆಗೆ ಹೋಗ್ಲಿ."

"ನನ್ನ ಕಣ್ಣಿಗೆ ಮಣ್ಣೆರಚಬೇಡ ತಾಯಿ. ನಿನ್ನಂಥ ಹತ್ತು ಜನರನ್ನ ಇದೇ ಮೊರದಲ್ಲಿ ಕೇರಿದೀನಿ."

ನರ್ಸು ಹೋದಳು. ಸೊಸೆ ಗೋಡೆ ಹಿಡಿದು ಒಲೆಯ ತನಕ ನಡೆದಳು.

"ಅತ್ತೆ, ನಾನು ಬೆಂಕಿ ಜೊತೆ ಬಾಳೋಳು. ಅದು ಸುಳ್ಳು ಹೇಳಲ್ಲ. ಬನ್ನಿ ಇಲ್ಲಿ."

ಪ್ಲಾಸ್ಟಿಕ್ ಮುಚ್ಚಳದ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದಳು. ಅದು ಮುದುಡಿ, ಕರಗಿ, ತೊಟ್ಟಿಕ್ಕಿ, ಏಳು ಬೀದಿಗಳ ಮೂಗು ಮುಚ್ಚಿಸಿತು. ಆಮೇಲೆ ಗುಡ್ಡೆಯಿಂದ ಒಂದು ಕಾಳು ಹಿಡಿದಳು. ಅದು ಕರಗಲಿಲ್ಲ. ಕಪ್ಪಾಯಿತು. ಅನ್ನ ಸೀದ ವಾಸನೆ ಬಂತು.

ದುರ್ಬೀನಮ್ಮ ಇಕ್ಕಳ ಹಿಡಿದ ಬೆರಳುಗಳನ್ನು ನೋಡಿದಳು. ಉಗುರುಗಳು ಸುಣ್ಣದಂತಿದ್ದವು. ಕಾಳಿನ ಹಳದಿ ಕಂಡ ಕಣ್ಣಿಗೆ ಇಷ್ಟು ದಿನ ಅದು ಕಂಡಿರಲಿಲ್ಲ.

"ಬೇರೆ ಕಾಳು ಅಂತ ಪತ್ತೆ ಹಚ್ಚಿದ್ದು ನಾನೇ ತಾನೆ? ನನ್ನ ಕಣ್ಣು ತಪ್ಪಿಲ್ಲ," ಎಂದಳು.

"ಕಣ್ಣು ತಪ್ಪಿಲ್ಲ ಅತ್ತೆ. ಬಾಯಿ ತಪ್ಪಿತು, ಅಷ್ಟೆ."

ಮರುದಿನ ಎದುರುಮನೆಯಾಕೆ ಅಕ್ಕಿ ಡಬ್ಬ ಹೊತ್ತು ಬಂದಳು. "ಪ್ಲಾಸ್ಟಿಕ್ ತೆಗೆದುಕೊಡಕ್ಕ."

"ಕಲ್ಲು ತೆಗೀತೀನಿ, ಹುಳ ತೆಗೀತೀನಿ. ಆ ಕಾಳಿಗೆ ಕೈ ಹಚ್ಚಲ್ಲ. ಅದು ಅಕ್ಕಿನೇ, ಸುಟ್ಟು ನೋಡಿದೀವಿ."

"ಪಾಪ, ವಯಸ್ಸಾಯ್ತಲ್ಲ. ಕಣ್ಣು ಮಂಜಾಗಿರಬೇಕು."

ಹಿಂದೆ ಇಂಥ ಮಾತಿಗೆ ದುರ್ಬೀನಮ್ಮ ಭೂಕಂಪ ಮಾಡಿಸುತ್ತಿದ್ದಳು. ಈಗ ಮೊರವನ್ನು ಗೋಡೆಗೆ ಒರಗಿಸಿದಳು.

"ಮಂಜಾಗಿದೆ ಅಂತ್ಲೇ ಊರೆಲ್ಲ ಡಂಗುರ ಹೊಡಿ. ನನ್ನ ಸೊಸೆ ಮತ್ತೆ ವೆಲ್ಡಿಂಗ್ ಕಿಡಿ ಹಾರಿಸೋ ದಿನ ನಿನ್ನ ಕಣ್ಣು ಮುಚ್ಕೋ."

ಬೀದಿಯ ಡಬ್ಬಗಳೆಲ್ಲ ಬೇರೆ ಮನೆಗಳಿಗೆ ಹೋದವು. ಅವಳು ಸೊಪ್ಪು ಹಾಕಲಿಲ್ಲ. ಅಕ್ಕಿ ತೊಳೆಯುವಾಗ ತೇಲಿದ ಕಾಳು ಜಾರದಂತೆ ಅಂಗೈ ಅಡ್ಡ ಹಿಡಿದಳು. ಸೊಸೆ ಮಾತ್ರೆ ನುಂಗುವ ತನಕ ದಂಡನಾಯಕಿಯಂತೆ ಬಾಗಿಲಲ್ಲಿ ನಿಂತಳು.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿತ್ತು. ವರ್ಕ್‌ಶಾಪಿನ ಬಾಗಿಲಲ್ಲಿ ಅತ್ತೆ ನೋಡುತ್ತಿದ್ದಂತೆ ಯಜಮಾನ ಸೊಸೆಗೆ ವೆಲ್ಡಿಂಗಿನ ಮುಖಕವಚ ಎತ್ತಿಕೊಟ್ಟ.

"ಅತ್ತೆ, ಆ ಕಡೆ ತಿರುಗಿ. ಕಣ್ಣಿಗೆ ಹೊಡೆಯುತ್ತೆ."

ದುರ್ಬೀನಮ್ಮ ಬೆಳಕಿಗೆ ಬೆನ್ನು ಹಾಕಿ, ಸೊಂಟಕ್ಕೆ ಕೈಯಿಟ್ಟು, ಇಡೀ ಬೀದಿಗೆ ಎದೆಯೊಡ್ಡಿ ನಿಂತಳು. ಹಿಂದೆ ಕಿಡಿ ಚಿಮ್ಮಿತು. ಅವಳ ನೆರಳು ಬೀದಿಯುದ್ದಕ್ಕೂ ಚಾಚಿಕೊಂಡು ಹೋಗಿ ಎದುರುಮನೆಯಾಕೆಯ ಬಾಗಿಲು ತಟ್ಟಿತು.