ಹಗ್ಗದ ಮೇಲಿನ ಬಿಳಿ ತೋಳು

ನಿನ್ನೆ ಐದನೇ ಕೋಲು ಎಂದವನು ಎಬೆನ್ ಗೌರ್ಲಿ, ಕೆಲಸ ಕಳೆದುಕೊಂಡವಳು ಸೆಂಗಾ ಬ್ರೋಡಿ. ಇವತ್ತು ಗಾಲ್ಫ್ ಮೈದಾನದ ಅದೇ ಹನ್ನೊಂದನೇ ಗುಳಿಯ ಆಟ, ಕ್ಲಬ್ಬಿನ ಕ್ಯಾಪ್ಟನ್ ರಾಲ್ಸ್ಟನ್ನರ ಕೋಲುಗಳ ಚೀಲ ಹೆಗಲಿಗೇರಿಸಿ ನಿಂತ ಎಬೆನ್‌ನ ಕಿವಿಯ ಬಳಿ ಗಾಳಿಯೇ ಇಲ್ಲ, ಮರಳದಿಬ್ಬದ ಮರೆಯಲ್ಲಿ ಹುಲ್ಲಿನ ಗರಿಯೂ ಅಲುಗುತ್ತಿಲ್ಲ, ನಿನ್ನೆಯೂ ಹೀಗೇ, ಸುಳ್ಳು ನೆಮ್ಮದಿ — ಆದರೆ ಅಲ್ಲಿ, ಬಾವುಟದಾಚೆ, ಆಟಗಾರರ ಚೀಲ ಹೊರುವ ಕ್ಯಾಡಿಗಳ ಮನೆಗಳ ಹಿತ್ತಿಲಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಬಿಳಿ ನಿಲುವಂಗಿ, ಮೈಮೇಲೆ ಇವನು ತೊಟ್ಟಿರುವಂಥದ್ದೇ, ಸೆಂಗಾಳದು, ಒಗೆದು ಕ್ಲಬ್ಬಿಗೆ ವಾಪಸ್ ಕೊಡಬೇಕಂತೆ, ಅದರ ಒಂದು ತೋಳು ಗಾಳಿಗೆ ಸೆಟೆದು ನೇರ ಇವನ ಕಡೆಗೇ ಚಾಚಿದೆ. ನೋಡಬಾರದು. ಬಾವುಟಕ್ಕೆ ನೂರ ಅರವತ್ತೈದು ಗಜ. ಗಾಳಿಯಿಲ್ಲದ ದಿನ ಐದನೆಯದು ಸಾಕು, ಎದುರುಗಾಳಿಗೆ ನಾಲ್ಕು, ಸಂಖ್ಯೆ ಇಳಿದಷ್ಟೂ ಚೆಂಡು ದೂರ, ಇಷ್ಟನ್ನು ಮೀನಿನ ಶೆಡ್ಡು ಬಿಟ್ಟು ಬಂದ ಸೆಂಗಾಳಿಗೆ ಹೇಳಿಕೊಟ್ಟವನು ಯಾರು, ಇವನೇ, ಕಿವಿ ಹತ್ರದ ಗಾಳಿ ನಂಬಬೇಡ ಹುಡುಗಿ, ಅದು ದಿಬ್ಬದ ಹಿಂದೆ ಮಲಗಿರುತ್ತೆ, ಚೆಂಡು ಹಾರೋದು ಮೇಲೆ, ಹಿತ್ತಿಲ ಬಟ್ಟೆ ಕೇಳು — ಅವಳು ನಕ್ಕಿದ್ದಳು, ಹಂಗಾದ್ರೆ ನಮ್ಮಮ್ಮನ ಲಂಗಕ್ಕೂ ಕ್ಲಬ್ಬಿನೋರು ಸಂಬಳ ಕೊಡ್ಬೇಕು ಬಿಡೋ ಎಬೆನ್. ಕೊಡಲಿಲ್ಲ, ಬದಲಿಗೆ ಮನೆಮನೆಗೆ ಕಾಗದ ಬಂತು, ಆಟದ ದಿನ ಬಟ್ಟೆ ಒಣಹಾಕಬೇಡಿ, ಸದಸ್ಯರ ನೋಟ ಕೆಡುತ್ತದೆ. ನೋಟ! ಫೈಫ್ ಕರಾವಳಿಯ ಈ ಹುಲ್ಲುಗಾವಲಿನಲ್ಲಿ ಇವನಜ್ಜ ಕುರಿ ಮೇಯಿಸಿದ್ದ, ಮೊಮ್ಮಗನಿಗೆ ಕ್ಲಬ್ಬಿನ ಮುಂಬಾಗಿಲಿಲ್ಲ, ಕಾಗದ ಬಂದ ದಿನ ಹಗ್ಗ ಬಿಚ್ಚಿದವರಲ್ಲಿ ಇವನೇ ಮೊದಲಿಗ.

ಸೆಂಗಾ ಹಗ್ಗ ಬಿಚ್ಚಿರಲಿಲ್ಲ. ನಿನ್ನೆ ಕ್ಯಾಪ್ಟನ್ನರ ಅತಿಥಿಗೆ, ನಾಲ್ಕು ತಗೊಳ್ಳಿ ಸಾರ್, ಮೇಲೆ ಗಾಳಿ ಜೋರಿದೆ, ಆ ಬಟ್ಟೆ ನೋಡಿ, ಅಂದಳು, ಅತಿಥಿ ಹುಬ್ಬೇರಿಸಿ, ಏನಮ್ಮ, ಕೋಲು ಆರಿಸ್ತೀಯೋ ಒಗೆತ ಎಣಿಸ್ತೀಯೋ, ಅಂದ, ಎಬೆನ್ ನಕ್ಕ, ಯಾಕೆ ನಕ್ಕ, ತನ್ನದೇ ಪಾಠ ಅವಳ ಬಾಯಲ್ಲಿ ಬಂದದ್ದಕ್ಕೆ ದೊಡ್ಡವರೆದುರು ಹಲ್ಲು ಕಿರಿದ, ಐದು ಸಾಕು ಸಾರ್, ಎಂದ. ಚೆಂಡು ಮೇಲೇರಿತು, ಗಾಳಿಗೆ ಸಿಕ್ಕಿತು, ಕಲ್ಲಿನ ಹಾಗೆ ಮರಳಗುಂಡಿಗೆ ಬಿತ್ತು. ಹಿಂದಿನಿಂದ ಬಂದ ಕ್ಯಾಪ್ಟನ್, ಐದು ಅಂದಿದ್ಯಾರು, ಅತಿಥಿ ಭುಜ ಕುಣಿಸಿ, ನಿಮ್ಮೋರೇ, ಅಂದ, ಅತಿಥಿಯ ಚೀಲ ಸೆಂಗಾಳ ಹೆಗಲಲ್ಲಿತ್ತು. ನಾನಲ್ಲ, ಅಂದಳು, ಒಂದೇ ಸಲ, ಯಾರೆಂದು ಹೇಳಲಿಲ್ಲ, ಹೇಳುವ ಕೆಲಸ ಇವನಿಗೆ ಬಿಟ್ಟು ಇವನನ್ನೇ ನೋಡಿದಳು — ಇವನು ಬಗ್ಗಿ ಕೋಲಿನ ತಲೆ ಒರೆಸಿದ, ಹೊಳೆಯುವ ಕೋಲನ್ನೇ ಮತ್ತೆ ಮತ್ತೆ ಒರೆಸಿದ, ಅರವತ್ಮೂರು ವಯಸ್ಸು, ಮುದುಕನ ಕಣ್ಣು ಹೋಯ್ತು ಅಂತಾರೆ, ಮನೆಗೆ ಕಳಿಸ್ತಾರೆ, ಇಷ್ಟೇ ಭಯ, ಇಷ್ಟಕ್ಕೇ. ನಾಳೆಯಿಂದ ಬರಬೇಡಮ್ಮ, ಅಂದರು ಕ್ಯಾಪ್ಟನ್. ಅವಳು ಚೀಲವನ್ನು ಮೆಲ್ಲಗೆ, ಮಲಗಿದ ಮಗುವನ್ನಿಳಿಸಿದ ಹಾಗೆ, ಇಳಿಸಿ ಹೋದಳು. ಎಬೆನ್, ಎಲ್ಲಿದ್ದೀಯಯ್ಯಾ, ಯಾವ ಕೋಲು, ಇವತ್ತು ಕ್ಯಾಪ್ಟನ್ ಕೈ ಚಾಚಿದ್ದಾರೆ, ನಿನ್ನೆ ಆ ಹೆಂಗಸು ಮಾನ ಕಳೆದ್ಲು, ನೀನಾದ್ರೂ ಸರಿಯಾದ್ದು ಕೊಡು. ಬೆರಳು ಆಗಲೇ ನಾಲ್ಕನೆಯದರ ಮೇಲಿದೆ, ತಣ್ಣನೆಯ ಉಕ್ಕು, ಎಳೆದುಕೊಟ್ಟರೆ ಚೆಂಡು ಬಾವುಟದ ಬುಡಕ್ಕೆ, ಭೇಷ್ ಎಬೆನ್, ಬೆನ್ನಿಗೊಂದು ತಟ್ಟು, ಅವಳ ಮಾತಿಗೆ ತಟ್ಟಿಸಿಕೊಳ್ಳುವುದು ಇವನ ಬೆನ್ನು. ಹಗ್ಗದ ಮೇಲಿನ ತೋಳು ಒಮ್ಮೆ ಇಳಿದು ಮತ್ತೆ ಸೆಟೆಯಿತು. ನಿನ್ನೆ ಐದು ಅಂದೋನು ನಾನು ಸಾರ್. ಏನಂದೆ? ನಾನೇ, ಅವಳು ನಾಲ್ಕು ಅಂದಿದ್ಲು. ಕ್ಯಾಪ್ಟನ್ನರ ಮುಖ ಕೆಂಪಾಯಿತು, ಅದೆಲ್ಲ ಆಮೇಲೆ, ಜನ ಕಾಯ್ತಿದಾರೆ, ಕೋಲು ಕೊಡು. ಅವಳನ್ನ ಕರೆಸಿ, ಅವಳೇ ಕೊಡ್ತಾಳೆ. ಕೋಲು ಕೊಡೋ! ಚೀಲ ಹೆಗಲಿಂದಿಳಿದು ಹುಲ್ಲಿಗೆ ಬಂತು, ಮೆಲ್ಲಗೆ, ಅವಳಿಳಿಸಿದ ಹಾಗೇ, ಕೊಡಲ್ಲ ಸಾರ್ — ಹಗ್ಗದ ಮೇಲೆ ಆ ತೋಳು, ಬಿಳೀ ತೋಳು, ಇನ್ನೂ ಇವನ ಕಡೆಗೇ — ಕೊಡಲ್ಲ.