ಹಲ್ಲಿನ ಗುರುತಿದ್ದ ಗುಂಡಿ

"ಈ ಸಂಚೀನೂ ಅತ್ಗೆ ಮಡ್ಲಿಗೇ ಆಕ್ಬುಡಿ. ಅವಳ ಜೊತೇಲೇ ಕುಣಿಗೆ ಓಗ್ಲಿ," ಎನ್ನುತ್ತಾ ಮರಿಮಲ್ಲಪ್ಪ ಗೋಡೆಯ ಗೂಟದಿಂದ ಸಂಚಿಯನ್ನು ಕಿತ್ತುಕೊಂಡ. ಒಳಗಿದ್ದ ಅಂಗಿಗುಂಡಿಗಳು ಗಲಗಲ ಅಂದವು.

ಅವನ ಅತ್ತಿಗೆ ಕರಿಬಸಮ್ಮ ವಿಭೂತಿ ಬಳಿಸಿಕೊಂಡು ಜಗಲಿಯ ಗೋಡೆಗೆ ಒರಗಿ ಕೂತಿದ್ದಳು. ಸತ್ತವರನ್ನು ಕೂರಿಸಿಯೇ ಹೂಳುವ ಮನೆತನ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಅಲ್ಲೇ ಹಾಗೇ ಕೂತು ಹಂಗಳದ ಅರ್ಧ ಊರಿನ ರವಿಕೆ, ಅಂಗಿ ಹೊಲಿದಿದ್ದಳು. ಈಗಲೂ ಯಾರಿಗೋ ಎದುರುತ್ತರ ಕೊಡಲು ಬಾಯಿ ತೆರೆಯುವಂತೆ ಕಾಣುತ್ತಿದ್ದಳು.

ಗುಂಡ್ಲುಪೇಟೆಗೆ ಹೊಲಿಗೆ ಮಿಷನ್ ಬಂದು ಗಿರಾಕಿ ತಪ್ಪಿದ ಮೇಲೂ ಅವಳು ಹಳೆಯ ಗುಂಡಿ ಕೂಡಿಡುವುದನ್ನು ಬಿಟ್ಟಿರಲಿಲ್ಲ. ಊಟಿ ರಸ್ತೆಯಲ್ಲಿ ಕಾರು ಕೆಟ್ಟು ನಿಂತ ದೊರೆಯನ್ನೇ ಕೇಳಿ ಪಡೆದ ಕೊಂಬಿನ ಗುಂಡಿ, ದಂಡಿನಿಂದ ಬಂದವನ ಹಿತ್ತಾಳೆ ಗುಂಡಿ, ತಾತನ ಕಾಲದ ದಪ್ಪ ಸೂಜಿಗಳು, ಹೊಲಿಯುವಾಗ ಬೆರಳಿಗೆ ತೊಡುವ ತೂತುಬಿದ್ದ ಟೊಪ್ಪಿಗೆ. ಇಷ್ಟೇ ಆಗಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಆದರೆ ತೋಪಿನಾಚೆ ಎಸೆದ ಸತ್ತವರ ಬಟ್ಟೆಯನ್ನೂ ಅವಳು ಬಿಡುತ್ತಿರಲಿಲ್ಲ. ದಾರವನ್ನು ಹಲ್ಲಲ್ಲಿ ಕಡಿದು ಗುಂಡಿ ತರುತ್ತಿದ್ದಳು.

"ಅದ್ರಲ್ಲಿ ನಮ್ಮವ್ವಂದೂ ಐತೆ ಕಣಣ್ಣ," ಎಂದಳು ನೆರೆಮನೆಯ ಶಿವಮ್ಮ, ಮೆಲ್ಲಗೆ.

"ಅದ್ಕೇ ಏಳಿದ್ದು. ಸತ್ತೋರ ವಸ್ತ ಮನೇಲಿರಬಾರ್ದು."

ಅವನ ಹೆಂಡತಿ ಶಾಂತಮಲ್ಲಮ್ಮ ಸಂಚಿಯನ್ನೇ ನೋಡುತ್ತಿದ್ದಳು. ಅದರೊಳಗೆ ಅವಳ ಮಗನ ಗುಂಡಿಯಿತ್ತು. ಮಗನದು ಅಂತ ಭೂಮಿಯ ಮೇಲೆ ಉಳಿದದ್ದು ಅದೊಂದೇ.

*

ಹಲ್ಲು ಬರುವ ವಯಸ್ಸಿನಲ್ಲಿ ಜ್ವರಕ್ಕೆ ಮಗು ಹೋದಾಗ, ಮರಿಮಲ್ಲಪ್ಪ ಅಂಗಿ, ಕುಲಾವಿ ಎಲ್ಲವನ್ನೂ ಗಂಟು ಕಟ್ಟಿ ಎಸೆದು ಬಂದಿದ್ದ. ಹೆಸರನ್ನೂ ಎತ್ತಕೂಡದು ಎಂದಿದ್ದ. ಸಂಜೆ ಕರಿಬಸಮ್ಮ ಮುಷ್ಟಿ ಬಿಗಿಹಿಡಿದು ತೋಪಿನ ಕಡೆಯಿಂದ ಬಂದಳು.

"ಅತ್ಗೆ, ಸೂತಕ ಒಳಕ್ಕೆ ತರ್ಬ್ಯಾಡ!" ಅವನು ಬಾಗಿಲಿಗೆ ಅಡ್ಡ ನಿಂತ.

"ಎದೆ ಮ್ಯಾಲೆ ಲಿಂಗ ಕಟ್ಕಂಡು ಸೂತಕ ಅಂತೀಯಲ್ಲೋ ಮಲ್ಲಪ್ಪ! ಸರಿ ಪಕ್ಕಕ್ಕೆ."

ಅವನು ಸರಿದ. ಕೊಟ್ಟಿಗೆಯಲ್ಲಿ ಅಳುತ್ತಿದ್ದ ಶಾಂತಮಲ್ಲಮ್ಮನ ಅಂಗೈಗೆ ಕರಿಬಸಮ್ಮ ಮರದ ಗುಂಡಿಯೊಂದನ್ನು ಇಟ್ಟಳು. ಮಗು ಸದಾ ಬಾಯಿಗೆ ಹಾಕಿಕೊಳ್ಳುತ್ತಿದ್ದ ಗುಂಡಿ. ಅಂಚಿನಲ್ಲಿ ಪುಟ್ಟ ಹಲ್ಲಿನ ಕಚ್ಚು ಮೂಡಿತ್ತು.

"ನಿಂಗೆ ಇಟ್ಕಳಾ ದೈರ್ಯ ಬರಗಂಟ ನನ್ತಾವ ಇರ್ಲಿ ಕಣಮ್ಮಿ."

ಆ ಧೈರ್ಯ ಬರಲೇ ಇಲ್ಲ. ಗಂಡ ಸಂತೆಗೆ ಹೋದಾಗ ಜಗಲಿಗೆ ಬಂದು, ಕಚ್ಚಿನ ಮೇಲೆ ಹೆಬ್ಬೆರಳು ಸವರಿ, ಮತ್ತೆ ಸಂಚಿಗೇ ಹಾಕುತ್ತಿದ್ದಳು.

*

ಅಯ್ಯನವರು ಶಂಖ ಊದಿದರು. ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕರಿಬಸಮ್ಮನನ್ನು ಕೂರಿಸಿ, ಮಡಿಲಲ್ಲಿ ಸಂಚಿ ಇಟ್ಟು, ನಾಲ್ವರು ಹೆಗಲು ಕೊಟ್ಟರು. ಮುಂದಿನವನು ಮರಿಮಲ್ಲಪ್ಪ. ಒಮ್ಮೆ ಎತ್ತಿದ ಮೇಲೆ ಮನೆ ಮುಂದೆ ಇಳಿಸುವ ಹಾಗಿಲ್ಲ.

ಶಾಂತಮಲ್ಲಮ್ಮ ಜಗಲಿಯ ಮೇಲಿಂದ ಕೈಚಾಚಿ ಸಂಚಿಯನ್ನು ಎಳೆದುಕೊಂಡಳು.

"ಮಡುಗು ಅದ್ನ!"

"ಮಡುಗಾಕಿಲ್ಲ."

"ಜನ ನೋಡ್ತಾವ್ರೆ!"

"ನೋಡ್ಲಿ. ಇಷ್ಟ್ ವರ್ಸ ನಾನು ಕದ್ದು ನೋಡ್ದೆ. ಇನ್ ಕದಿಯಾಕಿಲ್ಲ."

"ಅಯ್ನೋರೇ, ಸೂತಕ ಅಂತ ನೀವಾದ್ರೂ ಏಳಿ ಇವ್ಳಿಗೆ."

ಅಯ್ಯನವರು ಶಂಖವನ್ನು ಕಂಕುಳಿಗೆ ಸೇರಿಸಿದರು. "ನಮ್ಗೆ ಸೂತಕ ಎಲ್ಲೈತಪ್ಪ?" ಎಂದು ಆಕಾಶ ನೋಡಿದರು.

ಶಾಂತಮಲ್ಲಮ್ಮ ಓರಗಿತ್ತಿ ಕೂರುತ್ತಿದ್ದ ಜಾಗದಲ್ಲೇ ಕೂತು ಸೂಜಿ ತೆಗೆದಳು. ದಾರ ಸೂಜಿಯ ಕಣ್ಣು ತಪ್ಪಿ ಜಾರಿತು. ಶಿವಮ್ಮ ಪೋಣಿಸಿ ಕೊಟ್ಟಳು. ಮರದ ಗುಂಡಿಯನ್ನು ಸೆರಗಿನ ತುದಿಗೆ ಇಟ್ಟು ಅವಳು ಹೊಲಿಯತೊಡಗಿದಳು.

"ಇದು ನನ್ ಗುರುಸಿದ್ದಂದು," ಎಂದಳು, ಬೀದಿಗೆಲ್ಲ ಕೇಳುವಂತೆ.

ಆ ಹೆಸರು ಕೇಳಿದ್ದೇ ಮರಿಮಲ್ಲಪ್ಪ ಬೀದಿಯ ಕಡೆ ಮುಖ ತಿರುಗಿಸಿದ. "ನಡೀರಲಾ, ಓಗನ," ಎಂದ. ಉಳಿದ ಮೂವರೂ ಕದಲಲಿಲ್ಲ. ಅವರವರ ಮನೆಯ ಸತ್ತವರ ಗುಂಡಿಗಳೂ ಆ ಸಂಚಿಯಲ್ಲಿದ್ದವು.

ಮೇಲೆ ಕರಿಬಸಮ್ಮ ನೆಟ್ಟಗೆ ಕೂತಿದ್ದಳು. ಭಾರಕ್ಕೆ ಮರಿಮಲ್ಲಪ್ಪನ ಕಾಲು ಅದುರುತ್ತಿತ್ತು. ಶಾಂತಮಲ್ಲಮ್ಮ ಅವಸರವಿಲ್ಲದೆ ಇನ್ನೊಂದು ಸುತ್ತು ದಾರ ಎಳೆದಳು, ಗಂಟು ಹಾಕಿದಳು, ಗಂಡನನ್ನೇ ನೋಡುತ್ತಾ ದಾರವನ್ನು ಹಲ್ಲಲ್ಲಿ ಕಡಿದಳು.